ಮೂರನೇ ಕ್ಲಚ್ ಕೇಬಲ್

ಶಾಂತಮೂರ್ತಿಯ ಬೈಕು ಎರಡು ತಿಂಗಳಲ್ಲಿ ಮೂರನೇ ಸಲ ನನ್ನ ಅಂಗಡಿ ಮುಂದೆ ಬಂದು ನಿಂತಾಗ ಬಾಯಲ್ಲಿದ್ದ ಟೀ ಕಹಿಯಾಯಿತು. ಕೊಳ್ಳೇಗಾಲದಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ರುದ್ರಸ್ವಾಮಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ರುದ್ರಸ್ವಾಮಿ ಮುಟ್ಟಿದ ಗಾಡಿ ಅದೇ ಕಾಯಿಲೆಗೆ ವಾಪಸು ಬಂತು ಎಂದು ಯಾರೂ ಹೇಳಿದ್ದಿಲ್ಲ. ಈಗ ಹೇಳುವ ಹಾಗಾಗಿತ್ತು.

ನಾನು ಅಂಗಡಿ ತೆರೆದ ವರ್ಷ ಮೊದಲು ಸರ್ವೀಸಿಗೆ ಬಂದದ್ದೇ ಆ ನೂರು ಸಿಸಿ ಬೈಕು. ಧನಗೆರೆಯ ಶಾಂತಮೂರ್ತಿ ಮತ್ತು ಅವನ ಹೆಂಡತಿ ಪುಟ್ಟಗೌರಮ್ಮ ರೇಷ್ಮೆ ಹುಳು ಸಾಕುವವರು. ಮದುವೆಯಾದ ಮೇಲೆ ಇಬ್ಬರೂ ಸೇರಿ ತೆಗೆದ ಮೊದಲ ಗೂಡಿನ ಬೆಳೆಯಲ್ಲಿ ಕೊಂಡ ಗಾಡಿ ಅದು. ಹಿಪ್ಪುನೇರಳೆ ಸೊಪ್ಪಿನ ಹೊರೆ, ಗೂಡಿನ ಮೂಟೆ ಎಲ್ಲ ಹೊತ್ತಿದೆ. ಎರಡೂ ಹೆರಿಗೆಗೆ ಪುಟ್ಟಗೌರಮ್ಮ ಕೊಳ್ಳೇಗಾಲದ ಆಸ್ಪತ್ರೆಗೆ ಬಂದದ್ದು ಅದರ ಮೇಲೇ. ನನಗೂ ಅದು ಗಿರಾಕಿಯ ಗಾಡಿ ಅನ್ನಿಸುತ್ತಿರಲಿಲ್ಲ, ನಮ್ಮ ಮನೆಯ ಹಳೇ ಎತ್ತಿನ ಹಾಗೆ ಅದರ ಮೇಲೆ ಪ್ರೀತಿ.

ಕಾಯಿಲೆ ಇಷ್ಟೇ. ಏರು ಬಂದರೆ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಪೆಟ್ರೋಲು ಕುಡಿಯುತ್ತದೆ. ಎರಡು ಮೈಲಿಗೆ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಜಾರುತ್ತಿದೆ ಎಂದು ಯಾರಾದರೂ ಹೇಳಿಯಾರು. ಮೊದಲ ಸಲ ಬಂದಾಗ ಸುಟ್ಟಿದ್ದ ಕ್ಲಚ್ ಪ್ಲೇಟು ತೆಗೆದು ಹೊಸವು ಹಾಕಿ, ಆಯಿಲು ಬದಲಿಸಿ, ಬಿಗಿಯಾಗಿದ್ದ ಕೇಬಲ್ಲನ್ನೂ ಕಿತ್ತೆಸೆದು ಹೊಸದು ಹಾಕಿದೆ. ಮೂರು ವಾರಕ್ಕೆ ಮತ್ತೆ ಬಂತು. ಸ್ಪ್ರಿಂಗು ಬದಲಿಸಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಬ್ರೇಕು ಹಿಡಿದುಕೊಂಡಿದೆಯೇನೋ ಎಂದು ಚಕ್ರ ತಿರುಗಿಸಿ ನೋಡಿದೆ, ಇನ್ನೊಂದು ಕೇಬಲ್ ಹಾಕಿ ಕಳಿಸಿದೆ.

ಈಗ ಲಿವರ್ ಒತ್ತಿ ಬಿಟ್ಟರೆ ಅದು ಅರ್ಧಕ್ಕೇ ನಿಂತಿತು. ಒಳಗಿನ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಲಿವರ್ ಪೂರ್ತಿ ವಾಪಸು ಬರದಿದ್ದರೆ ಕ್ಲಚ್ಚೂ ಪೂರ್ತಿ ಹಿಡಿಯುವುದಿಲ್ಲ. ಓಡಿಸುವವನು ಕೈ ಬಿಟ್ಟಿದ್ದರೂ ಯಾರೋ ಅರ್ಧ ಒತ್ತಿ ಹಿಡಿದ ಹಾಗೆಯೇ ಲೆಕ್ಕ. ಪ್ಲೇಟು ಸುಡುವುದಕ್ಕೂ ಏರಿನಲ್ಲಿ ದಮ್ಮು ಇಲ್ಲದ್ದಕ್ಕೂ ಅದೇ ಮೂಲ. ಆದರೆ ಹೊಸ ಕೇಬಲ್ ಮೂರೇ ವಾರಕ್ಕೆ ತುಕ್ಕು ಹಿಡಿಯಲು ಧನಗೆರೆಯೇನು ಸಮುದ್ರದ ದಂಡೆಯೇ? ಮಳೆಯಲ್ಲಿ ನಿಲ್ಲಿಸುತ್ತೀಯಾ ಎಂದು ಶಾಂತಮೂರ್ತಿಯನ್ನು ಗದರಿಸಿದೆ. ಜಗುಲಿ ಮೇಲೇ ನಿಲ್ಲಿಸುವುದು, ಗೌರ ದಿನಾ ಶುದ್ಧ ಮಾಡಿ ಇಡುತ್ತಾಳೆ ಎಂದ.

ಆಮೇಲೆ ಮುಖ ಸಣ್ಣದು ಮಾಡಿಕೊಂಡು, ಷೋರೂಮಿನಲ್ಲಿ ಎಕ್ಸ್‌ಚೇಂಜಿಗೆ ಮಾತಾಡಿಬಿಟ್ಟಿದ್ದೇನೆ, ಸೋಮವಾರ ಬಂದು ಗಾಡಿ ಒಯ್ಯುತ್ತಾರೆ ಎಂದು ಹೇಳಿದ. ಅಂದು ಶನಿವಾರ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು, ಹೊತ್ತು ಹೊತ್ತಿಗೆ ಸೊಪ್ಪು ಬೇಕಾದ ಕಾಲ. ನಡುದಾರಿಯಲ್ಲಿ ಕೈಕೊಡುವ ಗಾಡಿ ಕಟ್ಟಿಕೊಂಡು ಏನು ಮಾಡಲಿ ಎಂಬುದು ಅವನ ವಾದ.

"ಗೌರ ಎರಡ್ ದಿನದಿಂದ ಸರ್ಯಾಗಿ ಉಂಡಿಲ್ಲ ಕಣ್ ರುದ್ರಣ್ಣ. ಮಾರ್ಬ್ಯಾಡಿ ಅಂತ ಬಾಯ್ಬುಟ್ಟೂ ಏಳಾಕಿಲ್ಲ" ಎಂದ.

ಮೂರನೇ ಕೇಬಲ್ ಹಾಕಿದೆ, ಅಂಗಡಿಗೆ ಬೀಗ ಜಡಿದೆ, ನಡಿ ನಿಮ್ಮ ಮನೆಗೇ ಬರುತ್ತೇನೆ ಎಂದು ಅವನನ್ನು ಹಿಂದೆ ಕೂರಿಸಿಕೊಂಡು ನಾನೇ ಓಡಿಸಿದೆ. ದಾರಿಯ ಏರನ್ನು ಗಾಡಿ ನಮ್ಮಿಬ್ಬರ ಭಾರ ಹೊತ್ತು ಸಲೀಸಾಗಿ ಹತ್ತಿತು. ಹಾಗಾದರೆ ಕಾಯಿಲೆ ತಗಲುವುದು ಮನೆಯಲ್ಲೇ.

ಬಾಗಿಲಲ್ಲಿ ಸುಣ್ಣದ ಪುಡಿಯ ಗೆರೆ ಎಳೆದಿತ್ತು. ಅದರ ಮುಂದೆ ಔಷಧಿ ನೀರಿನಲ್ಲಿ ನೆನೆಸಿದ ಗೋಣಿಚೀಲ. ಪುಟ್ಟಗೌರಮ್ಮ ನಮ್ಮಿಬ್ಬರನ್ನೂ ಅದರ ಮೇಲೆ ನಿಲ್ಲಿಸಿ, ಕೈ ತೊಳೆಸಿ ಆಮೇಲೆ ಬನ್ನಿ ಎಂದಳು. ಹೋದ ವರ್ಷ ಹುಳುಗಳಿಗೆ ರೋಗ ತಗಲಿ ಒಂದು ಬೆಳೆ ಪೂರ್ತಿ ತಿಪ್ಪೆಗೆ ಹೋದ ಮೇಲೆ, ಹೊರಗಿನಿಂದ ಬಂದ ಯಾರನ್ನೂ ಅವಳು ಹಾಗೇ ಒಳಗೆ ಬಿಡುತ್ತಿರಲಿಲ್ಲ. ಶಾಂತಮೂರ್ತಿ ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಹೋದ.

ಅವಳು ಔಷಧಿ ಹೊಡೆಯುವ ಪಂಪು ಎತ್ತಿಕೊಂಡು ಬೈಕಿನ ಹತ್ತಿರ ಬಂದಳು. ಬ್ಲೀಚಿಂಗ್ ಪೌಡರ್ ಕಲಸಿದ ನೀರು, ಮೂಗಿಗೆ ಘಾಟು ಬಡಿಯಿತು. ಟಯರಿಗೆ ಹೊಡೆದಳು, ಎಂಜಿನ್ನಿಗೆ ಹೊಡೆದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಲಚ್ ಲಿವರಿನ ರಬ್ಬರ್ ಟೋಪಿ ಸರಿಸಿ, ಕೇಬಲ್ಲಿನ ಬಾಯಿಗೆ ನಿಧಾನವಾಗಿ, ಮಗುವಿಗೆ ಔಷಧಿ ಕುಡಿಸುವ ಹಾಗೆ, ಆ ನೀರು ಬಿಟ್ಟಳು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಇವ್ರು ಕಾಯ್ಲೆ ಕ್ಲಚ್ಚಲ್ಲೇ ಅದೆ ಅಂದ್ರು ಕಣಣ್ಣ. ಅದ್ಕೇ ಇಲ್ಗೆ ದಿನಾ ಎರಡ್ ಸರ್ತಿ ಬುಡ್ತಾವ್ನಿ. ಈ ಔಷ್ದಿಲಿ ಹುಳ ಉಳ್ಕಂಡೊ, ಇದೂ ಉಳ್ಕತದೇನೋ ಅಂತ."

ಹೇಳುತ್ತಲೇ ಕಣ್ಣು ಒರೆಸಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಗಾಡಿ ಉಳಿಯಲಿ ಎಂದು ಊಟ ಬಿಟ್ಟವಳ ಕೈಯೇ, ತಂತಿಗೆ ತುಕ್ಕು ಹಿಡಿಸುವ ಆ ನೀರು ಬಿಟ್ಟು, ಅದನ್ನು ದಿನಕ್ಕೆ ಎರಡು ಸಲ ಕೊಲ್ಲುತ್ತಿತ್ತು. ಇದನ್ನು ಈಕೆಗೆ ಯಾವ ಬಾಯಲ್ಲಿ ಹೇಳುವುದು?

"ನೋಡವ್ವ, ಗಾಡಿಗೆ ಟಯರೇ ಪಾದ" ಎಂದೆ. "ರೋಗ ಅತ್ಕಂಡು ಬರೋದು ಪಾದಕ್ಕೆ ತಾನೆ? ಟಯರ್‌ಗೆ ಮಾತ್ರ ಔಷ್ದಿ ಹೊಡ್ದು ನೀರಲ್ಲಿ ತೊಳ್ದ್ಬುಡು. ಮಿಕ್ಕಿದ್ಕೆಲ್ಲ ಒಣ ಬಟ್ಟೆ ಸಾಕು."

ಅವಳು ಪಂಪು ನೋಡಿದಳು, ಕೇಬಲ್ ನೋಡಿದಳು, ಪಂಪು ಕೆಳಗಿಟ್ಟಳು. ಕೇಬಲ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದೆ. ಅವಳು ಮೇಲಿನ ತುದಿ ಹಿಡಿದುಕೊಂಡಳು, ನಾನು ತೊಟ್ಟು ತೊಟ್ಟಾಗಿ ಆಯಿಲು ಬಿಟ್ಟೆ.

ಶಾಂತಮೂರ್ತಿ ಹೊರಗೆ ಬಂದು ಕಾರಣ ಸಿಕ್ಕಿತೇ ಎಂದು ಕೇಳಿದ. ಅವಳು ಕೇಬಲ್ಲಿನ ತುದಿ ಬಿಡದೆ, ಕಾಲಿನಿಂದಲೇ ಪಂಪನ್ನು ಹಿಂದಕ್ಕೆ ತಳ್ಳಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆಡದ ಮಾತು ನನ್ನ ಬಾಯಿಂದ ಬಂತು.

"ತಪ್ಪು ನಂದೇ ಕಣ್ಲಾ. ಮೊದ್ಲು ಆಕಿದ್ ಎರಡೂ ಡೂಪ್ಲಿಕೇಟ್ ಕೇಬಲ್ಲು. ಇದು ಒರಿಜಿನಲ್ಲು. ಸೋಮವಾರದೋರ್ಗೆ ಬರ್ಬ್ಯಾಡಿ ಅಂತ ಪೋನ್ ಮಾಡು."

ಅವನು ಆ ಸಂಜೆಯೇ ಫೋನು ಮಾಡಿದ. ಅದು ಸಂತೋಷವೇ. ಆದರೆ ರುದ್ರಣ್ಣನೇ ತಪ್ಪು ಒಪ್ಪಿಕೊಂಡ ಎಂಬ ಸುದ್ದಿಯನ್ನೂ ಧನಗೆರೆಯಿಂದ ಕುಂತೂರಿನವರೆಗೆ ಹಂಚಿದ. ವಾರದೊಳಗೆ ಗಿರಾಕಿಗಳು ಇದು ಒರಿಜಿನಲ್ ತಾನೆ ಎಂದು ನನ್ನ ಕೈಯಲ್ಲಿದ್ದ ಸಾಮಾನು ಇಣುಕಿ ನೋಡತೊಡಗಿದರು. ಹಲ್ಲು ಕಚ್ಚಿಕೊಂಡು ಪೊಟ್ಟಣದ ಮೇಲಿನ ಕಂಪನಿ ಹೆಸರು ತೋರಿಸುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಒಂದೆರಡು ರಾತ್ರಿ ನಿದ್ದೆ ಬರಲಿಲ್ಲ.

ಹದಿನೈದು ದಿನ ಕಳೆದು, ಗೂಡು ಮಾರಿಕೊಂಡು ಬಂದ ಗಂಡಹೆಂಡಿರು ಅಂಗಡಿ ಮುಂದೆ ಇಳಿದರು. ನಾನು ಮೊದಲು ಲಿವರ್ ಒತ್ತಿ ಬಿಟ್ಟೆ. ಟಪ್ ಎಂದು ಪೂರ್ತಿ ವಾಪಸು ಬಂತು. ಶಾಂತಮೂರ್ತಿ ನನ್ನ ಮುಖ ನೋಡಲಾರದೆ ಟೀ ತರುತ್ತೇನೆಂದು ಹೊರಟುಬಿಟ್ಟ. ಇವನಿಗೇನಾಯಿತು ಎಂದು ಪುಟ್ಟಗೌರಮ್ಮನನ್ನು ಕೇಳಿದೆ.

"ನಿನ್ನೆ ಡೈರಿ ತಾವ ಎಲ್ರು ಮುಂದೂವೆ ಏಳ್ಬುಟ್ಟೆ ಕಣಣ್ಣ" ಎಂದಳು. "ಗಾಡಿ ಕೆಡ್ಸಿದ್ದು ನಾನು, ರುದ್ರಣ್ಣನ್ ಕೇಬಲ್ ಮೂರೂ ಒರಿಜಿನಲ್ಲೇ ಅಂತ."

ಎಲ್ಲರೂ ನಕ್ಕರೇನವ್ವ ಎಂದೆ. ನಕ್ಕರು, ನಗಲಿ ಬಿಡಿ, ಈಗ ಗಾಡಿಯನ್ನು ಇವರೇ ಒರೆಸುತ್ತಿದ್ದಾರೆ ಎಂದಳು. ಶಾಂತಮೂರ್ತಿ ಮೂರು ಟೀ ತಂದ. ಬೈಕಿನ ಸುತ್ತ ನಿಂತುಕೊಂಡೇ ಕುಡಿದೆವು.