ಬಾಣಂತಿಯ ಬಟ್ಟಲು ನೀರು

ಮುಂಬಯಿಯ ಚೆಂಬೂರಿನ ಕಾಲನಿಯಲ್ಲಿ ಗಂಗುಬಾಯಿ ಮಾಡುವ ಬಾಣಂತನಕ್ಕಿದ್ದ ಹೆಸರು ಸಾಮಾನ್ಯದ್ದಲ್ಲ. ಸ್ವರ್ಗದಲ್ಲಿ ಹೆರಿಗೆಯಾದರೂ ದೇವತೆಗಳು ಲೋಕಲ್ ರೈಲು ಹಿಡಿದು ಇವಳನ್ನೇ ಕರೆಯಲು ಬರಬೇಕು. ಇನ್ನು ಸೊಸೆ ಶೈಲಾ ಹೆತ್ತ ಮೇಲೆ ಕೇಳಬೇಕೆ? ಕಿಟಕಿ ಬಂದ್, ಮಂಚದ ಕೆಳಗೆ ಕೆಂಡದ ಶೆಗಡಿ, ತಲೆಗೆ ಬಿಗಿದ ಉಣ್ಣೆಯ ಸ್ಕಾರ್ಫು. ಸೊಳ್ಳೆಗಳು ಬಾಗಿಲ ತನಕ ಬಂದು, ಬೆವರೊರೆಸಿಕೊಂಡು ಹಿಂದಿರುಗುತ್ತಿದ್ದವು. ಕುಡಿಯಲು ಮಾತ್ರ ಊಟಕ್ಕೊಂದು ಬಟ್ಟಲು ನೀರು. ಅದರಲ್ಲಿ ಗುಬ್ಬಿಯ ಪುಕ್ಕವೂ ನೆನೆಯದು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ರೂಪಾಲಿ ಎಲ್ಲವನ್ನೂ ನೋಡುತ್ತಿದ್ದಳು. ಇಂದು ಅತ್ತಿಗೆಯ ಪಾಳಿ, ನಾಳೆ ತನ್ನದು.

“ಅವ್ವಾ, ವೈನಿ ತುಟಿ ಒಡದಾವ. ಒಂದ್ ಗ್ಲಾಸರ ಕೊಡು.”

“ಬಾಣಂತಿ ನೀರು ಕುಡದ್ರ ಹೊಟ್ಟಿ ಕೊಡದಂಗ ಊದತದ. ನಿನ್ನ ಹಡದಾಗ ನಾನೂ ಹಿಂಗ ಇದ್ದೆ. ಸತ್ತೆನೇನು?”

ಶೈಲಾಳಿಗೆ ತಲೆನೋವು ಹಿಡಿಯಿತು, ದಿನದಿನಕ್ಕೆ ಏರಿತು. ವಾಂತಿಯಾಯಿತು, ಕೂಸು ಎರಡೆರಡಾಗಿ ಕಂಡಿತು. ಗಂಗುಬಾಯಿ ದೃಷ್ಟಿ ತೆಗೆದಳು. ಅವಳು ಸುಟ್ಟ ಮೆಣಸಿನಕಾಯಿಗೆ ಹತ್ತಿರದ ತೈಲ ರಿಫೈನರಿಯವರೂ ಕೆಮ್ಮಿರಬೇಕು. ಆ ಹೊಗೆಯಲ್ಲೇ ಶೈಲಾಳ ಬಲಗೈ ಜಗ್ಗಿ, ಮೈಯೆಲ್ಲ ಸೆಟೆದುಕೊಂಡಿತು.

ಆಸ್ಪತ್ರೆಗೆ ಒಯ್ಯಲು ರೂಪಾಲಿ ಎದ್ದರೆ ಗಂಗುಬಾಯಿ ಬಾಗಿಲಿಗೆ ಅಡ್ಡ ನಿಂತಳು. “ಬಾಣಂತಿ ಹೊಸ್ತಿಲಾ ದಾಟಬಾರ್ದು.”

“ಹಂಗಾದ್ರ ಹೆಣಾ ದಾಟತದ. ಸರಿ ಆಕಡೆ.”

ರೂಪಾಲಿ ತುಂಬುಹೊಟ್ಟೆಯನ್ನೇ ಮುಂದೆ ಮಾಡಿ ನುಗ್ಗಿದಳು. ಆ ಹೊಟ್ಟೆಗೆ ಎಂಟೂವರೆಯ ಲೋಕಲ್ಲಿನ ಗರ್ದಿಯೂ ದಾರಿ ಬಿಡುತ್ತಿತ್ತು. ನೆರೆಯವರು ಶೈಲಾಳನ್ನು ಎತ್ತಿ ರಿಕ್ಷಾದಲ್ಲಿ ಮಲಗಿಸಿದರು.

ಆಸ್ಪತ್ರೆಯ ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದನ್ನು ರೂಪಾಲಿ ತಾಯಿಗೆ ಬಿಡಿಸಿ ಹೇಳಿದಳು: “ಮಿದುಳಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟ್ಯದ. ಹಡದ ಮ್ಯಾಲ ಆ ಭಯ ಮೊದ್ಲ ಜಾಸ್ತಿ, ನೀರು ಕಡಿಮಿ ಕೊಟ್ರ ಇನ್ನೂ ಜಾಸ್ತಿ. ತಲಿನೋವು ಏರಾಕತ್ತಿದಾಗ್ಲೇ ತರಬೇಕಿತ್ತಂತ.”

“ನಾ ಏನ್ ನೀರಾಗ ವಿಷಾ ಹಾಕಿದ್ನೇನ?”

“ನೀರ ಕೊಡಲಿಲ್ಲ, ಅವ್ವ.”

ಶೈಲಾ ಬದುಕಿದಳು. ಬಲಗೈಯ ಬಲ ಮಾತ್ರ ಪೂರ್ತಿ ಮರಳಲಿಲ್ಲ.

ಮುಂದೆ ರೂಪಾಲಿಗೆ ಹೆರಿಗೆಯಾಯಿತು. ಮನೆಗೆ ಬಂದರೆ ಅದೇ ಕೋಣೆ, ಅದೇ ಶೆಗಡಿ, ಅದೇ ಬಟ್ಟಲು. ರೂಪಾಲಿ ಕೈ ಚಾಚಲಿಲ್ಲ.

“ತಂಬಿಗಿ ತಾ. ಕಿಟಕಿ ತಗಿ. ಇಲ್ಲಂದ್ರ ಕೂಸಿನ್ನ ಎತ್ಕೊಂಡು ಈಗ್ಲೇ ಸ್ಟೇಷನ್ನಿಗೆ ನಡೀತೇನಿ.”

ಗಂಗುಬಾಯಿ ಕದಲಲಿಲ್ಲ. ತಂಬಿಗೆ ತಂದವಳು ಶೈಲಾ; ಎಡಗೈಯಲ್ಲಿ ಹಿಡಿದು, ನಡುಗುವ ಬಲಗೈಯನ್ನು ತಳಕ್ಕೆ ಕೊಟ್ಟು. ಆ ಕೈಯನ್ನು ನೋಡುತ್ತ ನಿಂತ ಗಂಗುಬಾಯಿ ಕೊನೆಗೆ ತಾನೇ ಹೋಗಿ ಕಿಟಕಿ ತೆರೆದಳು. ರೂಪಾಲಿ ಕುಡಿದ ರಭಸಕ್ಕೆ ಮುಂಬಯಿಯ ಕೆರೆಗಳೆಲ್ಲ ಒಂದು ಗೇಣು ಇಳಿದವು.

ಈಗಲೂ ದೂರದ ಜೋಗೇಶ್ವರಿಯಿಂದಲೂ ಗಂಗುಬಾಯಿಗೆ ಬಾಣಂತನದ ಕರೆ ಬರುತ್ತದೆ. ಅವಳು ಮೊದಲು ಕೇಳುವುದು ಒಂದೇ:

“ನಿಮ್ಮನಿ ತಂಬಿಗಿ ಎಷ್ಟು ದೊಡ್ಡದದ?”