ಕಾಣೆಯಾದ ಒಂದು ಇಂಚು

ತೊಂಬತ್ತನಾಲ್ಕರಲ್ಲಿ ನಾನು ಹೈದರಾಬಾದಿನಿಂದ ಒಂದು ಹಳೆಯ ಫಿಯಟ್ ಕಾರು ತಂದೆ. ಮೊದಲಿನ ಮಾಲೀಕ ಚೆಂದಕ್ಕೆಂದು ಮುಂದಿನ ಸ್ಪ್ರಿಂಗು ಕತ್ತರಿಸಿ, ಹಿಂದಿನ ಕಮಾನಿನ ಪಟ್ಟಿ ತೆಗೆಸಿ, ಕಾರನ್ನು ನೆಲಕ್ಕೆ ಇಳಿಸಿಬಿಟ್ಟಿದ್ದ. ಕೊಳ್ಳುವಾಗ ನನಗೂ ಚೆಂದವೇ ಕಂಡಿತು. ಮಸ್ಕಿಗೆ ಬಂದು ನಮ್ಮ ಓಣಿಯ ಗಟಾರದ ಕಲ್ಲು ದಾಟುವಾಗ ಸೈಲೆನ್ಸರ್ ಕಿತ್ತು ಬಿತ್ತು.

ಹೆಂಡತಿ ಬಸವಣ್ಣೆಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಇದ್ರಾಗ ಮಗಳನ್ನ ಕರ್ಕೊಂಡು ಬರಾವ್ರೇನು ನೀವು?"

ಕಾರು ತಂದದ್ದೇ ಅದಕ್ಕೆ. ಮಗಳು ಕಲ್ಯಾಣಮ್ಮನನ್ನು ವಳಕಮದಿನ್ನಿಗೆ ಕೊಟ್ಟಿದ್ದೆವು. ಹಿಂದಿನ ವರ್ಷ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬಂದ ಮೇಲೆ ಒಂದು ಬಸಿರು ಇಳಿದುಹೋಗಿತ್ತು. ಟ್ರಾಲಿಯಿಂದಲೋ ಬೇರೆ ಯಾವುದರಿಂದಲೋ ಯಾರಿಗೆ ಗೊತ್ತು. ಈಗ ಮತ್ತೆ ಬಸುರಿ, ಈ ಸಲ ಕುಲುಕಾಟ ಬೇಡವೆಂದು ಸಿಂಧನೂರಿನ ಡಾಕ್ಟರಮ್ಮ ಹೇಳಿದ್ದರು. ಸೋಮವಾರ ಅವಳ ಸೀಮಂತದ ಕುಬಸ, ಅದನ್ನು ಮುಗಿಸಿ ಮಗಳನ್ನು ತವರಿಗೆ ತರಬೇಕು. ಕಾಲುವೆ ಪಕ್ಕದ ಕೊನೆಯ ಒಂದೂವರೆ ಮೈಲಿಯಲ್ಲಿ ಟ್ರ್ಯಾಕ್ಟರ್‌ಗಳು ಎರಡು ಕಡೆ ಜಾಡು ಕೊರೆದು ನಡುವೆ ಮಣ್ಣಿನ ದಿಂಡು ಬಿಟ್ಟಿದ್ದವು. ಕಾರಿನ ಹೊಟ್ಟೆ ನೆಲದಿಂದ ಮೂರೂವರೆ ಇಂಚು. ದಿಂಡು ಅದಕ್ಕಿಂತ ಎತ್ತರ.

ಸಿಂಧನೂರಿನ ಮೆಕ್ಯಾನಿಕ್ ವೆಂಕೋಬ, "ಸ್ಪ್ರಿಂಗ ಬದಲಿ ಮಾಡ್ಬೇಕ್ರಿ. ತರ್ಸಾಕ ಎಂಟು ದಿನ" ಎಂದ. ಅವತ್ತು ಶುಕ್ರವಾರ. ಎಂಟು ದಿನ ನಿನ್ನ ಮನೆಯಲ್ಲಿ ಇಟ್ಟುಕೋ ಎಂದು ಬೈದು, ಸೀದಾ ಲಿಂಗಸುಗೂರಿಗೆ ಹೋದೆ.

ಅಲ್ಲಿ ಟೈರಿನ ಅಂಗಡಿಯ ಅಲ್ಲಾಭಕ್ಷ್ ಕಾರಿನ ಸುತ್ತ ಒಂದು ಸುತ್ತು ಬಂದ. "ಈಗಿನದ್ದಕಿಂತ ಎರಡಿಂಚು ಎತ್ತರದ ಟೈರ್ ಅದಾವು. ಎಷ್ಟು ಮಂದಿ ಕುಂಡ್ರತೀರಿ?"

"ನಾ ಒಬ್ಬಾಂವ. ಕಾರು ನಂದು."

ನಾಲ್ಕೂ ಗಾಲಿಗೆ ಹಾಕಿಸಿ ಟೇಪು ಹಿಡಿದೆ. ನಾಲ್ಕೂವರೆ ಇಂಚು.

"ಎರಡಿಂಚು ಅಂದಿ. ಏರಿದ್ದು ಒಂದು. ಇನ್ನೊಂದೆಲ್ಲಿ?"

"ಮ್ಯಾಲ ಹೋತ್ರಿ."

"ಮ್ಯಾಲ ಯಾವನು ಕೇಳಿದ್ದ? ನನಗ ಬೇಕಾಗಿದ್ದು ಕೆಳಗ."

"ಅರ್ಧ ಮ್ಯಾಲ, ಅರ್ಧ ಕೆಳಗ ಸಾವ್ಕಾರ್ರ. ನಾ ಮಾಡಿದ ಕಾನೂನಲ್ಲ ಅದು."

ಹಳೆಯ ಟೈರನ್ನೂ ಹೊಸದನ್ನೂ ಒಟ್ಟಿಗೆ ನಿಲ್ಲಿಸಿ ಅಳೆದೆ. ಸರಿಯಾಗಿ ಎರಡು ಇಂಚು ಎತ್ತರ. ಕಾರಿಗೆ ಹಾಕಿದರೆ ಒಂದೇ. ಅವನು ಸುಳ್ಳು ಹೇಳಿರಲಿಲ್ಲ, ಟೇಪೂ ಸುಳ್ಳು ಹೇಳುತ್ತಿರಲಿಲ್ಲ. ಬೈಯಲು ಯಾರೂ ಉಳಿಯದೆ ನನಗೆ ಇನ್ನಷ್ಟು ಸಿಟ್ಟು ಬಂತು. ಅವತ್ತು ಸಂಜೆ ಒಬ್ಬನೇ ವಳಕಮದಿನ್ನಿ ದಾರಿಗೆ ಹೋಗಿ ಓಡಿಸಿ ನೋಡಿದೆ. ಹೊಟ್ಟೆ ದಿಂಡಿಗೆ ತಾಗಲಿಲ್ಲ. ಸಾಕು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬಸವಣ್ಣೆಮ್ಮನೂ ಸೇರಿ ಐವರು ಮುತ್ತೈದೆಯರು, ಐದು ಬುಟ್ಟಿ ಬುತ್ತಿ, ಎರಡು ಗೊನೆ ಬಾಳೆಹಣ್ಣು ಬಾಗಿಲಿಗೆ ಬಂದು ನಿಂತವು. ಕುಬಸಕ್ಕೆ ಐವರಿಲ್ಲದೆ ಹೋಗುವಂತಿಲ್ಲ, ಬರಿಗೈಲೂ ಹೋಗುವಂತಿಲ್ಲ. ನನಗೆ ಇದು ಗೊತ್ತಿರದ ವಿಷಯವಲ್ಲ. ಆದರೆ ಅಲ್ಲಾಭಕ್ಷ್ ಮಂದಿ ಎಷ್ಟು ಎಂದು ಕೇಳಿದಾಗ ಹೆಂಗಸರು, ಬುತ್ತಿ ಒಂದೂ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಮಸ್ಕಿ ದಾಟುವ ಮೊದಲೇ ಹಿಂದಿನಿಂದ ಗರ್ ಗರ್ ಸದ್ದು.

"ಅಮರಗುಂಡಪ್ಪಣ್ಣ, ರೊಟ್ಟಿ ಹೊತ್ತಿದ ವಾಸನಿ ಬರಾಕತ್ತೈತಿ" ಎಂದಳು ಪಕ್ಕದ ಮನೆಯ ತಿಮ್ಮವ್ವ.

ಇಳಿದು ನೋಡಿದೆ. ಭಾರಕ್ಕೆ ಕಾರು ಕುಸಿದು ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಕಾಣೆಯಾದ ಇಂಚು ಅಲ್ಲಿತ್ತು, ಮೇಲೆ. ಅದು ಅಲ್ಲಿಗೆ ಹೇಗೆ ಹೋಯಿತೆಂಬುದು ಮಾತ್ರ ಆಗಲೂ ತಿಳಿಯಲಿಲ್ಲ.

ಆಮೆಯಂತೆ ಕಾಲುವೆಯವರೆಗೆ ಹೋದೆವು. ಅಲ್ಲಿಂದ ಹೆಂಗಸರೆಲ್ಲ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದರು, ಹಿಂದೆ ನಾನು ಬರಿಯ ಕಾರು ಓಡಿಸಿಕೊಂಡು.

"ಬುತ್ತಿಗೆ ಕಾವಲು ಕಾರು" ಎಂದು ತಿಮ್ಮವ್ವ ದಾರಿಯುದ್ದಕ್ಕೂ ನಗಿಸಿದಳು. ನಾನು ಹಾರ್ನ್ ಒತ್ತಿದೆ.

ಕುಬಸ ಮುಗಿದ ಮೇಲೆ ಬೀಗರು ಕಾರನ್ನೂ ನನ್ನನ್ನೂ ನೋಡಿ, "ಟ್ರಾಲಿಗೆ ಹುಲ್ಲು ಹಾಸ್ಲೇನ್ರಿ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರೇನೋ. ನನ್ನ ಕಿವಿ ಬಿಸಿಯಾದವು. ಬಸವಣ್ಣೆಮ್ಮ ನನಗಿಂತ ಮೊದಲು ಬಾಯಿ ತೆಗೆದಳು. "ಬ್ಯಾಡ್ರಿ. ಆಕಿ ಒಬ್ಬಾಕಿ ಕಾರಿನ್ಯಾಗ. ನಾವು ಮಗ್ಗಲದಾಗ ನಡಕೊಂತ ಬರ್ತೀವಿ."

ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮೊದಲ ಗೇರಿನಲ್ಲಿ ಹೊರಟೆ. ಕಾರಿನ ಎಡಕ್ಕೆ ಮೂವರು, ಬಲಕ್ಕೆ ಇಬ್ಬರು. ದಿಂಡು ಎತ್ತರವಾದಲ್ಲೆಲ್ಲ ಬಸವಣ್ಣೆಮ್ಮ ಮುಂದೆ ಹೋಗಿ ಬಗ್ಗಿ ನೋಡಿ, "ಬರ್ರಿ, ಬರ್ರಿ" ಎಂದು ಕೈ ಮಾಡುತ್ತಿದ್ದಳು.

"ಅಪ್ಪಾ, ಹಿಂಗ ಹೊಂಟ್ರ ಮಸ್ಕಿ ಮುಟ್ಟೂದ್ರಾಗ ಕೂಸು ನಡಿಯಾಕ ಕಲೀತೈತಿ" ಎಂದಳು ಮಗಳು, ಹೋಳಿಗೆ ತಿನ್ನುತ್ತಾ.

ಅವಳು ಏಳನೆಯ ಇಯತ್ತೆ ಓದಿದವಳು. ಇಂಚಿನ ವಿಷಯ ಕೇಳಿದೆ. ಅವಳು ದೊಡ್ಡ ಹೋಳಿಗೆಯ ನಡುವೆ ಸಣ್ಣದೊಂದನ್ನು ಇಟ್ಟು ತೋರಿಸಿದಳು. "ನೋಡು, ದೊಡ್ಡದು ಮ್ಯಾಲೂ ಅಷ್ಟ ಉಳೀತು, ಕೆಳಗೂ ಅಷ್ಟ ಉಳೀತು. ಗಾಲಿ ನಡುವಿನಿಂದ ಬೆಳೀತೈತಿ."

ನನ್ನ ಕಣ್ಣು ದಿಂಡಿನ ಮೇಲಿತ್ತು. ಹೂಂ ಎಂದೆ. ಹೋಳಿಗೆ ಅರ್ಥವಾಯಿತು, ಟೈರು ಆಗಲಿಲ್ಲ.

ಡಾಂಬರು ರಸ್ತೆ ಮುಟ್ಟಿದಾಗ ಇಳಿದು ಹೊಟ್ಟೆ ನೋಡಿದೆ. ಎಲ್ಲಿಯೂ ಮಣ್ಣು ತಾಗಿರಲಿಲ್ಲ. ಮಗಳ ಮುಖ ನೋಡಿದೆ. ನೆಟ್ಟಗಿದ್ದಳು. ನಾಲ್ವರು ಬಸ್ಸಿಗೆ ಕಾಯುತ್ತ ನಿಂತರು. ಕಾಲು ಸೋತ ಬಸವಣ್ಣೆಮ್ಮ ಹಿಂದಿನ ಬಾಗಿಲು ತೆಗೆದು ಕುಳಿತಳು.

"ನಾ ಕುಂತ್ರ ಎಷ್ಟು ಇಳಿತೈತಿ, ಅಳೀರಿ."

ಅಳೆದೆ. ಅರ್ಧ ಇಂಚು. ಅದು ಎಲ್ಲಿ ಹೋಯಿತೆಂದು ಯಾರನ್ನೂ ಕೇಳದೆ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು ಕಾರು ಚಾಲು ಮಾಡಿದೆ.