ಭೈರೇಶನ ಸಪ್ಪೆ ಸಾರು

ಅದು ಶುರುವಾದದ್ದು ಕಾರ್ತಿಕದ ಚಳಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ನನ್ನ ಮಗಳ ಮಗ ಭೈರೇಶ ಎಂದಿನಂತೆ ಮೊದಲ ಬೋಗುಣಿ ಸಾರನ್ನು ದೇವರ ಪಟದ ಮುಂದೆ ಎಡೆ ಇಟ್ಟು, ಕೈಮುಗಿದು, ಆಮೇಲೆ ಅದನ್ನೇ ತಂದು ನನ್ನ ಮುಂದಿಟ್ಟ. ಒಂದು ಚಮಚ ಕುಡಿದೆ. ಬರೀ ಬಿಸಿ. ರುಚಿ ಎನ್ನುವುದೇ ಇರಲಿಲ್ಲ.

ಆರ್‌ಪಿಸಿ ಲೇಔಟ್‌ನ ನಮ್ಮ ಮನೆಯ ಕೆಳಭಾಗದಲ್ಲೇ ಅವನ ವಿಯೆಟ್ನಾಂ ಊಟದ ಹೋಟೆಲು. ಆ ದೇಶದಲ್ಲಿ ನಾಲ್ಕು ವರ್ಷ ದುಡಿದು, ಅಡುಗೆ ಕಲಿತು ಬಂದಿದ್ದ. ನಮ್ಮ ಕಡೆಯವರಿಗೆ ಒಗ್ಗಲಿ ಎಂದು ಮೀನು ಮಾಂಸ ಬಿಟ್ಟ. ಮೂಲಂಗಿ, ಅಣಬೆ, ಬೆಂಕಿಯಲ್ಲಿ ಸುಟ್ಟ ಶುಂಠಿ ಈರುಳ್ಳಿ, ಚಕ್ಕೆ, ಚಕ್ರಮೊಗ್ಗು ಎಲ್ಲ ಹಾಕಿ ನಾಲ್ಕೈದು ಗಂಟೆ ಕುದಿಸಿ ತಿಳಿಸಾರು ತೆಗೆಯುತ್ತಿದ್ದ. ಅದರೊಳಗೆ ಅಕ್ಕಿ ಶಾವಿಗೆ, ಮೇಲೆ ಹಸಿ ಸೊಪ್ಪು. ಮೊದಲ ವರ್ಷ ಆ ಘಮಕ್ಕೇ ಜನ ಗಾಡಿ ನಿಲ್ಲಿಸಿ ಒಳಗೆ ಬರುತ್ತಿದ್ದರು.

ದಸರೆ ಮುಗಿದ ಮೇಲೆ ಅವನು ಜ್ವರ ಬಂದು ಹತ್ತು ದಿನ ಮಲಗಿದ. ಎದ್ದು ಬಂದಾಗಿನಿಂದ ಹೀಗೆ.

ಪಕ್ಕದ ವಿಜಯನಗರದಿಂದ ವಾರಕ್ಕೆರಡು ಸಲ ಬರುತ್ತಿದ್ದ ಜಂಬಣ್ಣನವರು ಗದಗದ ಕಡೆಯವರು, ಕೆಲಸದಿಂದ ನಿವೃತ್ತರಾದವರು. ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ.

"ಏನಪ್ಪಾ ಭೈರೇಶಾ, ಜಳಕಕ್ಕ ಕಾಸಿದ ನೀರು ತಂದಿಟ್ಟೀ ಏನು?"

"ಇವತ್ತು ಸ್ವಲ್ಪ ಲೈಟಾಗಿದೆ ಸಾರ್."

"ಮೊನ್ನಿ ಸೀದ ವಾಸನಿ, ಇವತ್ತು ನೀರು. ನಾಳೆ ಬಂದ್ರ ಏನು ಕೊಡ್ತೀಯೋ ತಮ್ಮಾ, ಬರೇ ಬೋಗುಣಿ?"

ಎಲ್ಲರೂ ನಕ್ಕರು, ಭೈರೇಶನೂ ನಕ್ಕ. ಅವನ ಹೆಂಡತಿ ಕೀರ್ತನಾ ಮಾತ್ರ ನಗದೆ ಬೋಗುಣಿ ಎತ್ತಿಕೊಂಡು ಹೋದಳು. ಮುಂದಿನ ವಾರ ಒಂದು ಟೇಬಲ್ಲಿಗೆ ಹಳಸಿದ ಸೋಯಾ ಪನೀರು ಹೋಯಿತು. ತಂದಿಟ್ಟ ಕೂಡಲೇ ಹುಳಿ ವಾಸನೆ ನನ್ನವರೆಗೂ ಬಂತು. ಅದನ್ನು ಹೆಚ್ಚಿದವನು ಅವನೇ, ಹುರಿದವನೂ ಅವನೇ. ಅವನಿಗೆ ಹೇಗೆ ತಿಳಿಯಲಿಲ್ಲ?

ನಮ್ಮ ಮನೆಯಲ್ಲಿ ಎಡೆ ಇಡುವ ಮುಂಚೆ ಅಡುಗೆಯನ್ನು ಬಾಯಿಗೆ ಹಾಕುವಂತಿಲ್ಲ. ಏಳುವ ಆವಿಯಲ್ಲೇ ಹದ ತಿಳಿಯಬೇಕು. ಚಿಕ್ಕಂದಿನಲ್ಲಿ ಅವನಿಗೆ ಅದನ್ನು ಕಲಿಸಿದವಳು ನಾನೇ. ಹಾಗಾಗಿ ಅವನು ರುಚಿ ನೋಡದೆ ಬಡಿಸಿದರೆ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹುಡುಗನಿಗೆ ಭಕ್ತಿ ಎಂದುಕೊಂಡೆವು. ಎಡೆ ಮುಗಿದ ಮೇಲೂ ಅವನು ಒಂದು ಚಮಚ ಬಾಯಿಗಿಡುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲು ಹದಿನೈದು ದಿನ ಬೇಕಾಯಿತು.

ಒಂದು ಮಧ್ಯಾಹ್ನ ಅವನು ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ನಾನು ಹಿಂದಿನಿಂದ ಹೋಗಿ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವನ ಕೆನ್ನೆಯ ಪಕ್ಕ ಹಿಡಿದೆ. ಆಚೆ ಟೇಬಲ್ ಒರೆಸುತ್ತಿದ್ದ ಕೀರ್ತನಾ ತಿರುಗಿ ನೋಡಿದಳು. ಅವನು ತಿರುಗಲಿಲ್ಲ.

ಮೊದಲು ಅಯ್ಯೋ ಅನ್ನಿಸಿತು. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹೋಯಿತು. ಮೂರು ಒಲೆ, ಎರಡು ದೊಡ್ಡ ಸಿಲಿಂಡರು, ಮೇಲ್ಗಡೆ ನಾವು ಮಲಗುವ ಕೋಣೆ. ಕೀರ್ತನಾಗೆ ಆಗ ನಾಲ್ಕು ತಿಂಗಳು. ಗ್ಯಾಸು ಸೋರಿದರೆ ಇವನಿಗೆ ಹೇಗೆ ತಿಳಿಯುತ್ತದೆ?

"ಮೂಗು ಸರಿಯಿದೆಯೇನೋ ಮಗಾ?" ಎಂದು ಸಂಜೆ ಕೇಳಿದೆ.

"ನೆಗಡಿ ಕಣಜ್ಜಿ, ಹೋಗುತ್ತೆ ಬಿಡು. ನೀನೂ ಜಂಬಣ್ಣನ ಥರ ಶುರು ಮಾಡ್ಬೇಡ."

ಅಡುಗೆಯವನಿಗೆ ನಿನ್ನ ಮೂಗು ಸತ್ತಿದೆ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಅವನಿಗಿಂತ ಮುಂಚೆ ಕೆಳಗಿಳಿದು, ಹೊಸ್ತಿಲಲ್ಲಿ ನಿಂತು, ಮೂಸಿ ನೋಡಿ ಒಳಗೆ ಕಾಲಿಡುತ್ತಿದ್ದೆ. ಅವನು ಲೈಟರ್ ಒತ್ತುವ ಮುಂಚೆ ಪ್ರತಿ ಸಲವೂ ಇನ್ನೊಮ್ಮೆ ಮೂಸುತ್ತಿದ್ದೆ. ಹನ್ನೆರಡು ದಿನ ಹೀಗೆ ಕಳೆಯಿತು. ಕೀರ್ತನಾಗೆ ಹೇಳಲು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡೆ.

ಹದಿಮೂರನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟು ಹೋಯಿತು. ಗಿರಾಕಿಗಳು ಇರಲಿಲ್ಲ. ಭೈರೇಶ ಸೊಪ್ಪಿನವನ ಜೊತೆ ಬೀದಿಯಲ್ಲಿ ಮಾತಾಡುತ್ತಿದ್ದ. ಕೀರ್ತನಾ ಮೇಲೆ ಮಲಗಿದ್ದಳು. ನಾನು ಮೆಟ್ಟಿಲು ಇಳಿದು ಬರುವಾಗ ಕೊನೆಯ ಮೆಟ್ಟಿಲಲ್ಲಿ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಸಾರು ಉಕ್ಕಿ ಒಲೆ ಆರಿಹೋಗಿತ್ತು. ಹೊಗೆ ಎಳೆಯುವ ಫ್ಯಾನು ನಿಂತಿತ್ತು. ಅಷ್ಟರಲ್ಲಿ ಭೈರೇಶ ಎದುರು ಬಾಗಿಲಿಂದ ಒಳಗೆ ಬಂದು, ಆರಿದ ಒಲೆ ನೋಡಿ, ಬೈದುಕೊಂಡು, ಲೈಟರ್ ಕೈಗೆ ತೆಗೆದುಕೊಂಡ.

ಕೂಗಿದರೆ ಬೆಚ್ಚಿಬೀಳುತ್ತಾನೆ. ಬೆಚ್ಚಿದರೆ ಬೆರಳು ಒತ್ತುತ್ತದೆ.

"ಭೈರೇಶಾ," ಎಂದೆ ಮೆಲ್ಲಗೆ, "ಕಾಲು ಹಿಡ್ಕೊಂಡಿದೆ ಕಣೋ. ಅದನ್ನ ಕೆಳಗಿಟ್ಟು ಬಂದು ನನ್ನ ಎರಡೂ ಕೈ ಹಿಡ್ಕೋ."

"ಒಂದ್ನಿಮಿಷ ಅಜ್ಜಿ, ಇದೊಂದು ಹಚ್ಚಿ ಬಂದೆ."

"ಬಿದ್ದುಹೋಗ್ತೀನಿ ಮಗಾ."

ಅವನು ನನ್ನ ಕಡೆ ನೋಡಿದ. ಲೈಟರನ್ನು ಕಟ್ಟೆಯ ಮೇಲಿಟ್ಟು ಬಂದ. ಅವನ ಕೈ ಬಿಗಿಯಾಗಿ ಹಿಡಿದು ಬೀದಿಗೆ ಎಳೆದುಕೊಂಡು ಹೋಗಿ, "ಇಲ್ಲೇ ನಿಂತಿರು" ಎಂದೆ. ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ಒಲೆಯ ತಿರುಪು ಮುಚ್ಚಿದೆ, ಕಿಟಕಿ ಬಾಗಿಲು ತೆರೆದೆ. ಈಗ ಕರೆಂಟು ಬಂದರೆ, ಫ್ಯಾನಿನಲ್ಲಿ ಒಂದು ಕಿಡಿ ಹಾರಿದರೆ ಎಂದು ಆತುರದಿಂದ ಮೆಟ್ಟಿಲು ಹತ್ತಿದೆ. ಕೀರ್ತನಾಳನ್ನು ಎಬ್ಬಿಸಿ ಕೆಳಗೆ ಕರೆತಂದೆ. ಕರೆಂಟು ಬಂದದ್ದು ನಾಲ್ಕಕ್ಕೆ.

ಅವನಿಗೆ ಆಗಲೂ ತಿಳಿದಿರಲಿಲ್ಲ. "ಏನಾಯ್ತಜ್ಜಿ?" ಎಂದು ಕೇಳಿದ. ಹೇಳಿದೆ. ಫುಟ್‌ಪಾತಿನ ಮೇಲೆ ಕುಸಿದು ಕೂತ.

"ಜ್ವರ ಬಂದಾಗಿನಿಂದ ಏನೂ ಗೊತ್ತಾಗ್ತಿಲ್ಲ. ಕಾಫೀನೂ ಒಂದೇ, ನೀರೂ ಒಂದೇ. ಡಾಕ್ಟರು ಬರಬಹುದು ಅಂದ್ರು, ಬರದೇನೂ ಇರಬಹುದು ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು ಕೀರ್ತನಾ.

"ಮೂಗಿಲ್ಲದ ಕುಕ್ಕು ಅಂತ ಬೋರ್ಡ್ ಹಾಕ್ಬೇಕಿತ್ತಾ? ಒಂದು ಅಲಾರಂ ಹಾಕಿಸ್ತೀನಿ. ನೀನು ಪಕ್ಕದಲ್ಲಿ ನಿಂತು ವಾಸನೆ ನೋಡು, ಸಾಕು."

"ನನ್ನ ಮೂಗು ಬಾಡಿಗೆಗೆ ಬೇಕಾ ನಿಂಗೆ? ನೀನು ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೋ, ಅಡುಗೆಗೆ ಬೇರೆಯವರನ್ನ ಇಡೋಣ."

"ಇನ್ನೊಬ್ಬ ಮಾಡಿದ್ದನ್ನ ನಾನು ಬಡಿಸಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ಆ ಹುಡುಗ ಒಲೆಯ ಮುಂದೆ ನಿಂತಾಗ ಅವನ ಮುಖದಲ್ಲಿ ಬರುವ ಕಳೆ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಹೇಳಿದೆ, "ನನ್ನ ಮನೇಲಿ ನೀನು ಇನ್ನು ಒಲೆ ಹಚ್ಚಬೇಡ."

ಅವನು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ, ಯಾರ್ಯಾರಿಗೋ ಫೋನು ಮಾಡಿದ. ಐದನೆಯ ದಿನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದ. ಎಲ್ಲೋ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿದೆ ಎಂದ. ಯಾವ ಊರೆಂದು ಹೇಳಲಿಲ್ಲ. ಕೀರ್ತನಾ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು.

"ಅಲ್ಲಿನವರಿಗೆ ಹೇಳಿದೀಯಾ, ನಿನಗೆ ವಾಸನೆ ತಿಳಿಯಲ್ಲ ಅಂತ?"

ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ.

"ಭೈರೇಶಾ, ಆ ಅಡುಗೆಮನೆ ಮೇಲೆ ಯಾರಾದ್ರೂ ಇರ್ತಾರೇನೋ?"

ಎದ್ದು ನನ್ನ ಕಾಲು ಮುಟ್ಟಿದ. ಅವನ ತಲೆಯ ಮೇಲೆ ಕೈ ಇಟ್ಟೆ. ಅವನು ಮೆಟ್ರೋ ಕಡೆ ನಡೆದ. ನನ್ನ ಮನೆಯ ಭಯವನ್ನು ನಾನೇ ಚೀಲ ಕಟ್ಟಿಸಿ ಯಾರದೋ ಮನೆಗೆ ಕಳಿಸಿದೆನೇನೋ ಎಂದು ಬಾಗಿಲಲ್ಲೇ ನಿಂತೆ. ಕೂಗಿ ಕರೆಯುವಷ್ಟು ದೂರದಲ್ಲೇ ಇದ್ದ.

ಭೈರೇಶ ಹೋದದ್ದು ಸೋಮವಾರ; ಯಾವ ಊರಿನಲ್ಲಿ, ಯಾರ ಮನೆಯ ಕೆಳಗೆ ಒಲೆ ಹಚ್ಚುತ್ತಿದ್ದಾನೋ, ಇವತ್ತಿಗೂ ತಿಳಿದಿಲ್ಲ.